ಬಾಣಂತನ ಮುಗಿದ ಮೇಲೆ

ಮೇ ತಿಂಗಳಲ್ಲಿ ಕೊಡಗಿನ ಮೂರ್ನಾಡಿನ ಹತ್ತಿರ ಒಂದು ತೊಟ್ಟಿಲು ಶಾಸ್ತ್ರಕ್ಕೆ ಹೋಗಿದ್ದೆ. ಮಗುವಿಗೆ ತಲೆ ತುಂಬಾ ಕೂದಲು. ಬಂದವರೆಲ್ಲ ತೊಟ್ಟಿಲ ಸುತ್ತ ನಿಂತು ಮೂಗು ಯಾರದ್ದು, ಬಣ್ಣ ಯಾರದ್ದು ಅಂತ ಮಾತಾಡುತ್ತಿದ್ದರು. ತಾಯಿ ಒಳಗಿನ ಕೋಣೆಯಲ್ಲಿ ಮಂಚದ ತುದಿಗೆ ಕೂತಿದ್ದಳು. ಹೊಸ ಸೀರೆ, ಮುಡಿಗೆ ಹೂವು, ಕಿವಿಗೆ ಹತ್ತಿ. ದೂರದ ಸಂಬಂಧದಲ್ಲಿ ನನಗೆ ತಂಗಿಯಾಗಬೇಕು. ಹೋಗಿ ಪಕ್ಕದಲ್ಲಿ ಕೂತೆ. ಅಷ್ಟರಲ್ಲಿ ಹಿರಿಯರೊಬ್ಬರು ಬಾಗಿಲಲ್ಲೇ ನಿಂತು ಕೇಳಿದರು, "ಬಾಣಂತನ ಎಲ್ಲ ಚೆನ್ನಾಗಿ ಆಯ್ತಾ?" ಉತ್ತರ ಕೊಟ್ಟಿದ್ದು ಅವಳ ಅಮ್ಮ. "ಚೆನ್ನಾಗಾಯ್ತು. ಇನ್ನು ಮುಂದಿನ ತಿಂಗಳು ಕಳಿಸಿಬಿಡೋದು." ಹುಡುಗಿ ನಕ್ಕಳು.

ಮುಂದಿನ ತಿಂಗಳು ಅಂದರೆ ಜೂನ್. ಅವಳ ಗಂಡನ ಮನೆ ನಾಪೋಕ್ಲಿನಿಂದ ಇನ್ನೂ ಒಳಗೆ, ತೋಟದ ನಡುವೆ. ಆ ಮಾತು ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ಬಾಣಂತನ ಮುಗಿಯಿತು ಅಂತ ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ ಅಲ್ವಾ? ಹೇಳಿದ ದಿನಕ್ಕೆ ಅದು ನಿಜವಾಗಿಯೂ ಮುಗಿದುಹೋಗುತ್ತದೆ. ಹಂಡೆಯ ಬಿಸಿನೀರು, ಪಕ್ಕದಲ್ಲಿ ಮಲಗುವ ಜನ, ಕೈಗೆ ಬರುವ ತಟ್ಟೆ, ಎಲ್ಲವೂ. ನಾಲ್ಕು ವರ್ಷದ ಹಿಂದೆ ನನಗೂ ಹಾಗೇ ಮುಗಿದಿತ್ತು. ನನ್ನ ಕಾಯಿಲೆ ಶುರುವಾಗಿದ್ದು ಅದಾದ ಮೇಲೆ.

ಎಣ್ಣೆ, ಬಿಸಿನೀರು, ಬೆಳ್ಳುಳ್ಳಿ

ನನ್ನ ತವರು ಶನಿವಾರಸಂತೆ. ಮಗಳು ಹುಟ್ಟಿದ್ದು 2022ರ ಮಾರ್ಚ್ ಮೊದಲ ವಾರ. ನನಗೆ ಏಳು ತಿಂಗಳಾಗುತ್ತಿದ್ದಂತೆಯೇ ಅಮ್ಮ ತಯಾರಿ ಶುರು ಮಾಡಿದ್ದರು. ಹಳೇ ಕಾಟನ್ ಸೀರೆ, ಅಪ್ಪನ ಪಂಚೆ ಎಲ್ಲ ಒಗೆದು, ಬಿಸಿಲಿಗೆ ಹಾಕಿ, ಹರಿದು, ಮಡಚಿಟ್ಟಿದ್ದರು. ಹೆರಿಗೆಯಾಗಿ ಮನೆಗೆ ಬಂದ ಮೇಲೆ ದಿನಕ್ಕೊಂದು ಲಯ ಬಂತು. ಬೆಳಿಗ್ಗೆ ಎಣ್ಣೆ. ಆಮೇಲೆ ಮೈ ಸುಡುವಷ್ಟು ಬಿಸಿನೀರು. ಹೊಟ್ಟೆಗೆ ಬಿಗಿಯಾಗಿ ಬಟ್ಟೆ. ಸಾಂಬ್ರಾಣಿ ಹೊಗೆ. ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಮೆಣಸಿನ ಸಾರು, ಹಾಲು ಬರಲಿ ಅಂತ ಸಬ್ಬಸಿಗೆ ಸೊಪ್ಪಿನ ಪಲ್ಯ. ಮಗುವಿಗೆ ನೀರೆರೆಯಲು ಬೀದಿಯ ಕೊನೆಯ ಮನೆಯಿಂದ ಒಬ್ಬ ಅಜ್ಜಿ ಬರುತ್ತಿದ್ದರು. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಊರಿನ ಸುದ್ದಿಯೆಲ್ಲ ಹೇಳುತ್ತಿದ್ದರು.

ಮೂರನೇ ದಿನ ನಾನು ಸುಮ್ನೆ ಅತ್ತೆ. ಕಾರಣ ಇರಲಿಲ್ಲ. ಕಿಟಕಿಯ ಹೊರಗೆ ಯಾರೋ ಸೈಕಲ್ ಬೆಲ್ ಹೊಡೆದಿದ್ದಕ್ಕೂ ಅಳು ಬಂತು. ಅಮ್ಮ ಗಾಬರಿಯಾಗಲಿಲ್ಲ. "ಹಾಲು ಇಳಿಯೋ ಹೊತ್ತಿಗೆ ಕಣ್ಣೀರೂ ಇಳಿಯುತ್ತೆ, ಅತ್ತುಬಿಡು" ಅಂದರು. ಅಮ್ಮ ಹೇಳಿದ್ದರಲ್ಲಿ ಸತ್ಯ ಇದೆ ಅಂತ ಆಮೇಲೆ ತಿಳಿಯಿತು. ಬಸುರಿನಲ್ಲಿ ಏರಿದ್ದ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಹೆರಿಗೆಯಾದ ಎರಡು ಮೂರು ದಿನದಲ್ಲಿ ಒಮ್ಮೆಲೇ ಕೆಳಗಿಳಿಯುತ್ತವೆ. ನಿದ್ದೆ ಕೆಟ್ಟಿರುತ್ತದೆ, ಮೈ ನೋಯುತ್ತಿರುತ್ತದೆ. ಅರ್ಧಕ್ಕಿಂತ ಜಾಸ್ತಿ ತಾಯಂದಿರಿಗೆ ಈ ಅಳು ಬರುತ್ತದೆ. ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ನನಗೂ ಹೋಯಿತು.

ಈಗ ಯೋಚಿಸಿದರೆ, ಆ ಮೂರು ತಿಂಗಳಲ್ಲಿ ನಾನು ಒಂದು ಗಂಟೆಯೂ ಒಬ್ಬಳೇ ಇರಲಿಲ್ಲ. ರಾತ್ರಿ ಅಮ್ಮ ಒಂದು ಕಡೆ, ನಡುವೆ ಮಗು, ಈ ಕಡೆ ನಾನು. ಹಾಲು ಕುಡಿಸಿದ ತಕ್ಷಣ ಮಗು ಅಮ್ಮನ ಹೆಗಲಿಗೆ ಹೋಗುತ್ತಿತ್ತು. ನಾನು ಮತ್ತೆ ಮಲಗುತ್ತಿದ್ದೆ. ಎಣ್ಣೆ, ನೀರು, ಬೆಳ್ಳುಳ್ಳಿ ಎಲ್ಲ ಮೈಗೆ ಅಂತ ನಾವು ತಿಳಿದಿದ್ದೆವು. ಆ ಕೈಗಳು, ಆ ಮಾತುಗಳು, ಮಧ್ಯಾಹ್ನದ ಆ ನಿದ್ದೆ ಮನಸ್ಸನ್ನೂ ಕಾಯುತ್ತಿದ್ದವು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಕಳಿಸುವಾಗ ಅದನ್ನೂ ಜೊತೆಗೆ ಕಟ್ಟಿ ಕೊಡುವ ದಾರಿ ಹುಡುಕುತ್ತಿದ್ದರೋ ಏನೋ. ಕುಲಾವಿ, ಬಜೆ ಬೇರು, ಲೇಹ್ಯದ ಡಬ್ಬಿ, ತೊಟ್ಟಿಲಿನ ಹಗ್ಗ, ಎಲ್ಲ ನೆನಪಿಟ್ಟು ಕಟ್ಟಿದರು. ಜೂನ್ ಎರಡನೇ ವಾರ ಕಾರು ಮಡಿಕೇರಿ ದಾಟುವಾಗ ಮಂಜಿಗೆ ಮುಂದಿನ ರಸ್ತೆ ಕಾಣುತ್ತಿರಲಿಲ್ಲ.

ಹತ್ತೊಂಬತ್ತು ಬಟ್ಟೆ

ನನ್ನ ಗಂಡನ ಮನೆ ಭಾಗಮಂಡಲದ ಕಡೆ. ಮನೆಯಲ್ಲಿ ಅರೆಭಾಷೆ. ನನ್ನ ಜೊತೆ ಮಾತ್ರ ಎಲ್ಲರೂ ಕನ್ನಡಕ್ಕೆ ಬದಲಾಗುತ್ತಾರೆ. ಅರೆಭಾಷೆ ನನಗೆ ಅರ್ಥವಾಗುತ್ತದೆ. ಆದರೂ ಊಟದ ಹೊತ್ತಿನಲ್ಲಿ ಎಲ್ಲರೂ ನಗುವ ಮಾತಿಗೆ ನಾನು ಅರೆಗಳಿಗೆ ತಡವಾಗಿ ನಗುತ್ತಿದ್ದೆ. ಬೇರೆ ದಿನವಾದರೆ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಆ ಮಳೆಗಾಲದಲ್ಲಿ ಬಂತು.

ಇಲ್ಲಿನವರು ಯಾರೂ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಬೇಕು. ಇಂಥ ಕಥೆಯಲ್ಲಿ ಅತ್ತೆಯನ್ನು ಕೆಟ್ಟವರನ್ನಾಗಿ ಮಾಡುವುದು ಸುಲಭ. ಜುಲೈ ಅಂದರೆ ನಾಟಿ. ಇವರು, ಮಾವ ಇಬ್ಬರೂ ಬೆಳಿಗ್ಗೆಯೇ ಗದ್ದೆಗೆ ಇಳಿಯುತ್ತಿದ್ದರು. ಅತ್ತೆಗೆ ಆಳುಗಳ ಊಟ, ದನ, ಹಂದಿ, ಒಲೆ. ಕರೆಂಟ್ ಹೋದರೆ ಮೂರು ನಾಲ್ಕು ದಿನ ಬರುವುದಿಲ್ಲ. ಅದರ ಹಿಂದೆಯೇ ಟವರ್ ಹೋಗುತ್ತದೆ. ಅಮ್ಮನ ಜೊತೆ ಮಾತಾಡಬೇಕೆಂದರೆ ಕೊಡೆ ಹಿಡಿದು ಗೇಟಿನ ಹತ್ತಿರದ ದಿಬ್ಬಕ್ಕೆ ಹೋಗಬೇಕು. ಆ ವರ್ಷ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ ಕಡೆ ನೆಲ ಬೇರೆ ಸಣ್ಣಗೆ ನಡುಗಿತ್ತು. ಹಿಂದಿನ ವರ್ಷಗಳ ಗುಡ್ಡ ಕುಸಿತ ನೋಡಿದ ಜನ ರಾತ್ರಿಯಿಡೀ ಎಚ್ಚರ ಇರುತ್ತಿದ್ದರು. ಊರೆಲ್ಲ ನಿದ್ದೆಗೆಟ್ಟಿದ್ದಾಗ ನನ್ನ ನಿದ್ದೆ ಹೋಗಿದ್ದು ಯಾರಿಗೆ ಕಾಣಬೇಕು?

ಮಳೆಗಾಲದಲ್ಲಿ ಇಲ್ಲಿ ಬಟ್ಟೆ ಒಣಗುವುದಿಲ್ಲ. ಅಡುಗೆ ಮನೆಯ ಒಲೆಯ ಮೇಲೆ ತಂತಿ ಕಟ್ಟಿ ಮಗುವಿನ ಬಟ್ಟೆ ಹಾಕುತ್ತಿದ್ದೆ. ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಅದರ ಮೇಲೂ ಹರಡುತ್ತಿದ್ದೆ. ಒಟ್ಟು ಹತ್ತೊಂಬತ್ತು ಬಟ್ಟೆ. ಎಷ್ಟು ಒಣಗಿದೆ, ಎಷ್ಟು ಒದ್ದೆ, ರಾತ್ರಿಗೆ ಎಷ್ಟು ಬೇಕು ಅಂತ ಎಣಿಸುತ್ತಿದ್ದೆ. ಮೊದಲು ದಿನಕ್ಕೊಂದು ಸಲ. ಆಮೇಲೆ ಗಂಟೆಗೊಂದು ಸಲ. ರಾತ್ರಿ ಮಗು ಮಲಗಿದರೂ ನಾನು ಎದ್ದು ಹೋಗಿ ಟಾರ್ಚ್ ಹಾಕಿ ಎಣಿಸುತ್ತಿದ್ದೆ. ಹದಿನೆಂಟು ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಮತ್ತೆ ಎಣಿಸುತ್ತಿದ್ದೆ.

ಒಂದು ಮಧ್ಯಾಹ್ನ ಹೀಗೇ ಬಟ್ಟೆ ತಿರುವಿ ಹಾಕುತ್ತಾ ನಿಂತಿದ್ದೆ. ಎಲ್ಲೋ ಒಂದು ಮಗು ಅಳುತ್ತಿತ್ತು. ಪಾಪ, ಪಕ್ಕದ ಮನೆಯ ಮಗು ಎಷ್ಟು ಹೊತ್ತಿಂದ ಅಳುತ್ತಿದೆ, ಯಾರೂ ಎತ್ತಿಕೊಳ್ಳುತ್ತಿಲ್ಲವಲ್ಲ ಅಂದುಕೊಂಡೆ. ನಮಗೆ ಪಕ್ಕದ ಮನೆ ಇಲ್ಲ. ಹತ್ತಿರದ ಮನೆಗೆ ತೋಟ ಇಳಿದು, ತೋಡು ದಾಟಿ ಹೋಗಬೇಕು. ಅದು ಹೊಳೆದ ಮೇಲೂ ನಾನು ಓಡಲಿಲ್ಲ. ನಿಧಾನಕ್ಕೆ ನಡೆದು ಹೋಗಿ ಎತ್ತಿಕೊಂಡೆ. ಅಳು ನಿಂತಿತು. ನನಗೆ ಏನೂ ಅನ್ನಿಸಲಿಲ್ಲ. ಖುಷಿಯೂ ಇಲ್ಲ, ತಪ್ಪು ಮಾಡಿದೆ ಅನ್ನುವ ಸಂಕಟವೂ ಇಲ್ಲ. ಆ ಏನೂ ಇಲ್ಲದ್ದು ನನಗೆ ಇವತ್ತಿಗೂ ನೆನಪಿದೆ.

ಬೇಜಾರು ಅನ್ನೋ ಪದ

ಇದನ್ನು ಯಾರಿಗೆ ಹೇಗೆ ಹೇಳುವುದು? ದಿಬ್ಬದ ಮೇಲೆ ನಿಂತು ಅಮ್ಮನಿಗೆ "ಯಾಕೋ ಬೇಜಾರು" ಅಂದೆ. "ಮಳೆಗೆ ಎಲ್ಲರಿಗೂ ಬೇಜಾರೇ, ಮಗು ಮುಖ ನೋಡು, ಎಲ್ಲ ಹೋಗುತ್ತೆ" ಅಂದರು. ಅಮ್ಮನದು ತಪ್ಪಿಲ್ಲ. ನಮ್ಮ ಮಾತಿನಲ್ಲಿ ಬೇಜಾರು ಎಷ್ಟು ಕೆಲಸ ಮಾಡುತ್ತದೆ ನೋಡಿ. ಬಸ್ಸು ತಪ್ಪಿದರೆ ಬೇಜಾರು. ಕಾಫಿ ರೇಟು ಬಿದ್ದರೆ ಬೇಜಾರು. ಊಟಕ್ಕೆ ಕರೆಯಲಿಲ್ಲ ಅಂದರೆ ಬೇಜಾರು. ಅದೇ ಪದವನ್ನು ನಾನೂ ಹೇಳಿದೆ. ಬೇರೆ ಪದ ನನ್ನ ಬಳಿ ಇರಲಿಲ್ಲ.

ಜೋರಾದ ಕಾಯಿಲೆಗೆ ನಮ್ಮಲ್ಲಿ ಹಳೆಯ ಪದ ಇದೆ. ಬಾಣಂತಿ ಸನ್ನಿ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಹೆಂಗಸು ಏನೇನೋ ಮಾತಾಡುವುದು, ನಿದ್ದೆಯೇ ಮಾಡದೆ ಓಡಾಡುವುದು, ಯಾರೋ ಮಾತಾಡಿಸುತ್ತಿದ್ದಾರೆ ಅನ್ನುವುದು, ಮಗು ತನ್ನದಲ್ಲ ಅನ್ನುವುದು. ಸಾವಿರ ಹೆರಿಗೆಯಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಅದನ್ನು ಕಂಡರೆ ನಾಳೆ ನೋಡೋಣ ಅನ್ನಬಾರದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಹೋದರೆ ಚೆನ್ನಾಗಿ ವಾಸಿಯಾಗುತ್ತದೆ. ಸನ್ನಿ ಎಲ್ಲರ ಕಣ್ಣಿಗೂ ಕಾಣುತ್ತದೆ. ಹಾಗಾಗಿ ಅದಕ್ಕೊಂದು ಹೆಸರು ಹುಟ್ಟಿತು. ನನಗೆ ಬಂದಿದ್ದು ಕಾಣುವಂಥದ್ದಲ್ಲ. ನಾನು ಅಡುಗೆ ಮಾಡುತ್ತಿದ್ದೆ, ಹಾಲು ಕುಡಿಸುತ್ತಿದ್ದೆ, ಬಂದವರಿಗೆ ಕಾಫಿ ಕೊಡುತ್ತಿದ್ದೆ. "ಹೆಣ್ಣಾದ್ರೂ ಲಕ್ಷಣವಾಗಿದೆ" ಅಂದವರ ಎದುರು ನಗುತ್ತಿದ್ದೆ. ಇಂಗ್ಲಿಷಿನಲ್ಲಿ ಪೋಸ್ಟ್‌ಪಾರ್ಟಮ್ ಡಿಪ್ರೆಶನ್ ಅನ್ನುತ್ತಾರೆ. ಕನ್ನಡದಲ್ಲಿ ಬಾಣಂತಿ ಖಿನ್ನತೆ ಅಂತ ಬರೆಯುತ್ತಾರೆ. ಆದರೆ ಖಿನ್ನತೆ ಅನ್ನುವ ಪದವನ್ನು ನಮ್ಮ ಅಡುಗೆ ಮನೆಯಲ್ಲಿ ಯಾರೂ ಆಡಿದ್ದನ್ನು ನಾನು ಕೇಳಿಲ್ಲ.

ಚುಚ್ಚುಮದ್ದಿಗೆ ಹೋದಾಗ ಒಮ್ಮೆ ಧೈರ್ಯ ಮಾಡಿದ್ದೆ. ಹದಿನಾಲ್ಕನೇ ವಾರದ ಚುಚ್ಚುಮದ್ದು. "ನನಗೆ ನಿದ್ದೆ ಬರ್ತಿಲ್ಲ ಡಾಕ್ಟ್ರೇ, ಮಗು ಮಲಗಿದ್ರೂ ಬರ್ತಿಲ್ಲ" ಅಂದೆ. "ಮಗು ತೂಕ ಚೆನ್ನಾಗಿದೆ. ಚಿಕ್ಕ ಮಗು ಇದ್ದಾಗ ತಾಯಿಗೆ ನಿದ್ದೆ ಎಲ್ಲಿಂದ ಬರಬೇಕಮ್ಮ?" ಅಂದರು. ಹಿಂದೆ ಉದ್ದ ಸಾಲು ಇತ್ತು. ನಾನು ಎದ್ದು ಬಂದೆ. ಮಗು ಮಲಗಿದ್ದಾಗಲೂ ತಾಯಿಗೆ ನಿದ್ದೆ ಬರದೇ ಇರುವುದು ಒಂದು ಮುಖ್ಯ ಗುರುತು ಅಂತ ಆಮೇಲೆ ಗೊತ್ತಾಯಿತು. ನಾನು ಅದನ್ನು ಬಾಯಿಬಿಟ್ಟು ಹೇಳಿದ್ದೆ.

ಬಾವಿ ಕಟ್ಟೆ

ಜುಲೈ ಕೊನೆಯಲ್ಲಿ ಒಮ್ಮೆ ನಾಲ್ಕು ದಿನ ಕರೆಂಟ್ ಇರಲಿಲ್ಲ. ಪಂಪ್ ಇಲ್ಲ, ಬಾವಿಯಿಂದಲೇ ಸೇದಬೇಕು. ಮಳೆಗಾಲದಲ್ಲಿ ನಮ್ಮ ಬಾವಿ ಕಟ್ಟೆಯ ಹತ್ತಿರದವರೆಗೆ ತುಂಬಿರುತ್ತದೆ. ನಾನು ಕೊಡ ತೆಗೆದುಕೊಂಡು ಹೊರಟೆ. ಅತ್ತೆ ಬಂದು ಕೈಯಿಂದ ಕೊಡ ತೆಗೆದುಕೊಂಡರು. "ನೀನು ಹೋಗಬೇಡ. ನಾನು ತರ್ತೇನೆ." ಮಾರನೆಯ ದಿನವೂ ಹಾಗೇ ಮಾಡಿದರು. ಮೂರನೆಯ ದಿನ ನನಗೆ ಅಳು ಬಂತು. ನಾನು ಯಾವ ಕೆಲಸಕ್ಕೂ ಬಾರದವಳು ಅಂತ ಅತ್ತೆ ತೀರ್ಮಾನ ಮಾಡಿದ್ದಾರೆ ಅಂದುಕೊಂಡೆ. ಬಚ್ಚಲ ಒಲೆಯ ಮುಂದೆ ಕೂತು ಸೌದೆ ದೂಡುತ್ತಿದ್ದೆ. ಅತ್ತೆ ಕೊಡ ಇಳಿಸಿ, ಸೆರಗು ಹಿಂಡಿಕೊಂಡು, ಪಕ್ಕದ ಮಣೆಯ ಮೇಲೆ ಕೂತರು. ತುಂಬಾ ಹೊತ್ತು ಏನೂ ಹೇಳಲಿಲ್ಲ.

ಆಮೇಲೆ ಬೆಂಕಿ ನೋಡುತ್ತಲೇ ಹೇಳಿದರು. ನನ್ನ ನಾದಿನಿ ಹುಟ್ಟಿದ ವರ್ಷದ ಮಳೆಗಾಲ. ಮಗುವಿಗೆ ನಾಲ್ಕು ತಿಂಗಳು. ನೀರಿಗೆ ಹೋದವರು ಕೊಡ ಕೆಳಗಿಟ್ಟು ಬಾವಿ ಕಟ್ಟೆಯ ಹತ್ತಿರ ನಿಂತುಬಿಟ್ಟರಂತೆ. "ಎಷ್ಟು ಹೊತ್ತು ನಿಂತಿದ್ನೋ ಗೊತ್ತಿಲ್ಲ. ಮೈಯೆಲ್ಲ ಒದ್ದೆ. ದೊಡ್ಡವನು ಹಿಂದಿನಿಂದ ಬಂದು ಸೆರಗು ಎಳೆದ. ಹಸಿವು ಅಂದ." ದೊಡ್ಡವನು ಅಂದರೆ ನನ್ನ ಗಂಡ. ಆಗ ಇವರಿಗೆ ಮೂರು ವರ್ಷ. ಅವತ್ತಿಂದ ಅತ್ತೆ ಒಬ್ಬರೇ ಬಾವಿಗೆ ಹೋಗಲಿಲ್ಲ. ಯಾರನ್ನಾದರೂ ಜೊತೆಗೆ ಕರೆಯುತ್ತಿದ್ದರು. ಸೋಮಾರಿತನ ಅಂತ ಮನೆಯವರು ಬೈದರು. ಗಾಳಿ ಸೋಂಕು ಅಂತ ನೂಲು ಕಟ್ಟಿಸಿದರು. ಸುಗ್ಗಿಯ ಹೊತ್ತಿಗೆ ತಾನಾಗಿಯೇ ಸ್ವಲ್ಪ ಹಗುರವಾಯಿತಂತೆ. "ನಿನ್ನ ಮಾವನಿಗೂ ಹೇಳಿಲ್ಲ. ನಿನ್ನ ಕಣ್ಣು ನೋಡಿದ್ರೆ ನನಗೆ ಆ ಬಾವಿ ನೆನಪಾಗ್ತದೆ. ಹಾಗಾಗಿ ಕೊಡ ಕಿತ್ಕೊಂಡೆ."

ಇಪ್ಪತ್ತೆಂಟು ವರ್ಷ ಆ ಮಾತು ಅವರೊಳಗೆ ಇತ್ತು. (ಅತ್ತೆಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿ, ಓದಿದವರಿಗಾದ್ರೂ ಗೊತ್ತಾಗಲಿ" ಅಂದರು.) ನಾನು ಅವರ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಬಾವಿಯ ಯೋಚನೆ ನನಗೆ ಬಂದಿರಲಿಲ್ಲ. ಆದರೆ ನಾನಿಲ್ಲದಿದ್ದರೂ ಮಗು ಚೆನ್ನಾಗಿಯೇ ಬೆಳೆಯುತ್ತದೆ, ಇನ್ನೂ ಚೆನ್ನಾಗಿ ಬೆಳೆಯುತ್ತದೆ ಅನ್ನುವ ಯೋಚನೆ ದಿನಾ ಬರುತ್ತಿತ್ತು. ಅವತ್ತು ಅದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅತ್ತೆ ಛೆ, ಹಾಗೆಲ್ಲ ಅನ್ನಬಾರದು ಅಂತ ಬಾಯಿ ಮುಚ್ಚಿಸಲಿಲ್ಲ. "ನನಗೂ ಹಾಗೇ ಅನ್ನಿಸ್ತಿತ್ತು" ಅಂದರು. ಅಷ್ಟೇ ಹೇಳಿದ್ದು. ಆ ರಾತ್ರಿ ಮಗುವನ್ನು ತಮ್ಮ ಪಕ್ಕ ಮಲಗಿಸಿಕೊಂಡರು. ಹಾಲಿಗೆ ಮಾತ್ರ ತಂದು ಕೊಟ್ಟರು.

ಮಡಿಕೇರಿಗೆ

ಎರಡು ದಿನ ಬಿಟ್ಟು ಇವರು ಮಡಿಕೇರಿಗೆ ಕರೆದುಕೊಂಡು ಹೋದರು. ಅತ್ತೆಯೂ ಬಂದರು. ಮನೋವೈದ್ಯರ ಕೋಣೆಯ ಹೊರಗೆ ಅತ್ತೆಗೆ ಒಂದೇ ಭಯ, ಸೇರಿಸಿಕೊಂಡರೆ ಮಗುವನ್ನು ಬೇರೆ ಮಾಡುತ್ತಾರಾ ಅಂತ. ವೈದ್ಯರು ಸಮಾಧಾನವಾಗಿ ಹೇಳಿದರು. ಸೇರಿಸುವ ಅಗತ್ಯ ಇಲ್ಲ. ಇದ್ದರೂ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರೆ ಮಾಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡ್ ಇದೆ. ಅತ್ತೆ ಅದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಮೊದಲು ರಕ್ತ ಪರೀಕ್ಷೆ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾದರೆ, ರಕ್ತ ಕಡಿಮೆಯಾದರೆ ಹೀಗೇ ಸುಸ್ತು, ಮಂಕು ಬರಬಹುದು. ಆಮೇಲೆ ಹತ್ತು ಪ್ರಶ್ನೆಗಳ ಒಂದು ಹಾಳೆ. ಎಡಿನ್‌ಬರೋ ಸ್ಕೇಲ್ ಅನ್ನುತ್ತಾರೆ. 1987ರಲ್ಲಿ ಬಾಣಂತಿಯರಿಗಾಗಿಯೇ ಮಾಡಿದ್ದು. ಕಳೆದ ಏಳು ದಿನದಲ್ಲಿ ನಿಮಗೆ ಹೇಗನ್ನಿಸಿತು ಅಂತ ಕೇಳುತ್ತದೆ. ನಗಲು ಆಗಿದೆಯಾ ಅನ್ನುವುದೇ ಮೊದಲ ಪ್ರಶ್ನೆ. ನಾನು ಅಲ್ಲೇ ನಿಂತುಬಿಟ್ಟೆ. ಹೆರಿಗೆಯಾದಾಗಿನಿಂದ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ಹಾಲು ಬರುತ್ತಿದೆಯಾ, ಹೊಲಿಗೆ ಒಣಗಿದೆಯಾ, ಮಗು ಎಷ್ಟು ಕೆ.ಜಿ. ಅಂತ ಕೇಳಿದ್ದರು. ಆ ಹಾಳೆಯಿಂದಲೇ ಕಾಯಿಲೆ ತೀರ್ಮಾನ ಆಗುವುದಿಲ್ಲ. ಅದು ಮಾತಿಗೆ ಬಾಗಿಲು ತೆಗೆಯುತ್ತದೆ. ಹತ್ತನೇ ಪ್ರಶ್ನೆ ನನ್ನ ಆ ಯೋಚನೆಯ ಬಗ್ಗೆಯೇ ಇತ್ತು.

ಹಾಲೂಡಿಸುವಾಗಲೂ ಕೊಡಬಹುದಾದ ಮಾತ್ರೆ ಬರೆದುಕೊಟ್ಟರು. ಎರಡು ವಾರಕ್ಕೊಮ್ಮೆ ಮಾತಾಡಲು ಬರಲು ಹೇಳಿದರು. ಇವರನ್ನು ಒಳಗೆ ಕರೆದು ಹೇಳಿದ ಒಂದು ವಿಷಯ ನನಗೆ ಮಾತ್ರೆಯಷ್ಟೇ ಸಹಾಯ ಮಾಡಿತು. ದಿನಕ್ಕೆ ನಾಲ್ಕೈದು ಗಂಟೆ ಒಂದೇ ಸಮನೆ ನಿದ್ದೆ ಆಗಬೇಕು, ಅದರ ಜವಾಬ್ದಾರಿ ನಿಮ್ಮದು. ಅವತ್ತಿನಿಂದ ರಾತ್ರಿ ಒಂಬತ್ತಕ್ಕೆ ಹಾಲು ಕುಡಿಸಿ ನಾನು ಅತ್ತೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಹಿಂಡಿಟ್ಟ ಹಾಲು, ಮಗು, ಒದ್ದೆ ಬಟ್ಟೆ ಎಲ್ಲ ಇವರದ್ದು. ದಿನವಿಡೀ ಗದ್ದೆಯಲ್ಲಿ ದುಡಿದವರು ಮಧ್ಯರಾತ್ರಿ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಜಗಲಿಯಲ್ಲಿ ಓಡಾಡುವ ಸದ್ದು ಬಾಗಿಲಾಚೆ ಕೇಳುತ್ತಿತ್ತು. ಮೂರನೇ ವಾರ ನಾನು ಆ ಸದ್ದು ಕೇಳದೆ ಮಲಗಿದೆ. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಬಟ್ಟೆ ಎಣಿಸುವುದು ನಿಂತಿತ್ತು. ಯಾವ ದಿನ ನಿಂತಿತು ಅಂತ ಹೇಳಲಾರೆ. ಪೂರ್ತಿ ಸರಿಯಾಗಲು ಕಾಫಿ ಅರಳಿಸುವ ಮುಂದಿನ ಹೂಮಳೆ ಬರಬೇಕಾಯಿತು.

42ನೇ ದಿನದ ನಂತರ

ಸರಿಯಾದ ಮೇಲೆ ಓದಲು ಶುರು ಮಾಡಿದೆ. ನಮ್ಮ ದೇಶದಲ್ಲಿ ನಡೆದ 38 ಅಧ್ಯಯನಗಳನ್ನು, 20,043 ತಾಯಂದಿರ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದ ವರದಿಯೊಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದಿತ್ತು. ಹೆತ್ತ ತಾಯಂದಿರಲ್ಲಿ ನೂರಕ್ಕೆ 22 ಮಂದಿಗೆ ಈ ಖಿನ್ನತೆ. ನಮ್ಮ ಅಂಗನವಾಡಿಗೆ ಮಗು ಎತ್ತಿಕೊಂಡು ಬರುವ ಐವರಲ್ಲಿ ಒಬ್ಬಳು. ಕಷ್ಟ ಜಾಸ್ತಿ ಮಾಡುವ ಕಾರಣಗಳನ್ನೂ ಅದರಲ್ಲಿ ಪಟ್ಟಿ ಮಾಡಿದ್ದರು. ಹಣದ ತೊಂದರೆ, ಮನೆಯಲ್ಲಿ ಹೊಡೆತ, ಗಂಡನ ಆಸರೆ ಇಲ್ಲದಿರುವುದು, ಹೆಣ್ಣು ಮಗು ಹುಟ್ಟಿದ್ದು. ಕಾಯಿಲೆ ಬರುವುದು ಹೆಣ್ಣು ಮಗುವಿನಿಂದಲ್ಲ. ಅದನ್ನು ನೋಡಲು ಬಂದವರ ಬಾಯಿಂದ ಬರುತ್ತದೆ.

ಈ ಖಿನ್ನತೆ ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಬರಬಹುದು. ನಮ್ಮ ವ್ಯವಸ್ಥೆಗಳೆಲ್ಲ ಎಲ್ಲಿಗೆ ನಿಲ್ಲುತ್ತವೆ ನೋಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬರುತ್ತಾರೆ. 3, 7, 14, 21, 28 ಮತ್ತು 42ನೇ ದಿನ. ಶನಿವಾರಸಂತೆಯಲ್ಲಿ ನಮ್ಮ ಆಶಾ ಅಕ್ಕ ಒಂದು ದಿನವೂ ತಪ್ಪಿಸಲಿಲ್ಲ. ಮಗುವಿನ ತೂಕ, ಜ್ವರ, ಹೊಕ್ಕುಳು ಎಲ್ಲ ನೋಡಿದರು. 42ಕ್ಕೆ ಮುಗಿಯಿತು. ಮೂರನೇ ತಿಂಗಳಿಂದ 15ನೇ ತಿಂಗಳವರೆಗೆ ಮೂರು ತಿಂಗಳಿಗೊಮ್ಮೆ ಬರುವ ಕಾರ್ಯಕ್ರಮವೂ ಇದೆ. ಅದು ಹೆಚ್ಚಾಗಿ ಮಗುವಿನ ಬೆಳವಣಿಗೆ ನೋಡಲು. ನನ್ನ ವಿಷಯದಲ್ಲಿ ಅದೂ ತಪ್ಪಿಹೋಯಿತು. ನನ್ನ ಹೆಸರು ಸೋಮವಾರಪೇಟೆ ತಾಲ್ಲೂಕಿನ ಪಟ್ಟಿಯಲ್ಲಿ, ನಾನು ಮಡಿಕೇರಿ ತಾಲ್ಲೂಕಿನ ಮಳೆಯಲ್ಲಿ. ತವರಿನಿಂದ ಗಂಡನ ಮನೆಗೆ ಹೋಗುವ ಬಾಣಂತಿ ನಮ್ಮಲ್ಲಿ ಎಷ್ಟು ಸಹಜ! ಹೋಗುವ ವಾರವೇ ಅವಳು ಎರಡೂ ಕಡೆಯ ಪುಸ್ತಕದಿಂದ ಜಾರಿಬಿಡುತ್ತಾಳೆ. ಅಮ್ಮನ ಕೈಯಿಂದಲೂ ಅದೇ ವಾರ ಜಾರುತ್ತಾಳೆ.

ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಆದ ಒಂದು ಕೆಲಸದ ಬಗ್ಗೆ ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಅಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥ ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟರು. ಬಸುರಿನಲ್ಲೇ ಖಿನ್ನತೆ ಇದ್ದ ತಾಯಂದಿರ ಮನೆಗೆ ಅವರು ಕೊನೆಯ ತಿಂಗಳಿಂದ ಶುರು ಮಾಡಿ ಹೆರಿಗೆಯ ನಂತರವೂ ಎಷ್ಟೋ ತಿಂಗಳು, ಒಟ್ಟು 16 ಸಲ ಹೋದರು. ಕೂತು ಮಾತಾಡಿದರು. ಮನಸ್ಸಿಗೆ ಬರುವ ಕೆಟ್ಟ ಯೋಚನೆಯನ್ನು ಹೇಗೆ ಗುರುತಿಸುವುದು, ಅದನ್ನು ಹೇಗೆ ಬದಲಾಯಿಸುವುದು, ಮನೆಯವರನ್ನು ಹೇಗೆ ಜೊತೆಗೆ ಕರೆದುಕೊಳ್ಳುವುದು ಅಂತ ಹೇಳಿಕೊಟ್ಟರು. ಮಗುವಿಗೆ ಆರು ತಿಂಗಳಾದಾಗ ನೋಡಿದರೆ, ಆ ರೀತಿಯ ಮಾತು ಸಿಕ್ಕಿದ ತಾಯಂದಿರಲ್ಲಿ ನೂರಕ್ಕೆ 23 ಮಂದಿಗೆ ಖಿನ್ನತೆ ಉಳಿದಿತ್ತು. ಭೇಟಿ ಮಾತ್ರ ಸಿಕ್ಕಿ ಆ ಮಾತು ಸಿಗದವರಲ್ಲಿ 53. ಇದು 2008ರಲ್ಲೇ ಪ್ರಕಟವಾಗಿದೆ. ನಂತರ ಗೋವಾದಲ್ಲೂ ನೆರೆಹೊರೆಯ ಹೆಂಗಸರಿಂದಲೇ ಮಾಡಿಸಿ ನೋಡಿದರು. ಆ 16 ಭೇಟಿಯ ಹೆಂಗಸರು ವೈದ್ಯರಲ್ಲ. ನಮ್ಮ ಆಶಾ ಅಕ್ಕನಂಥವರು, ನಮ್ಮ ಅತ್ತೆಯಂಥವರು. ನಮ್ಮಲ್ಲಿ ಆಶಾ ಅಕ್ಕನಿಗೆ ಆ ತರಬೇತಿ, ಆ ಸಮಯ, ಅದಕ್ಕೆ ತಕ್ಕ ಸಂಬಳ ಕೊಟ್ಟರೆ ಸಾಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಚುಚ್ಚುಮದ್ದಿಗೆ ಹೋದಾಗಲೆಲ್ಲ ತಾಯಿಗೂ ಎರಡು ಪ್ರಶ್ನೆ ಕೇಳಬೇಕು. ಮಗುವನ್ನು ತೂಗುವ ಹೊತ್ತಿನಲ್ಲೇ ಕೇಳಬಹುದು.

ಇನ್ನೊಂದು ಮಾತು. ಮನಸ್ಸಿನ ಕಷ್ಟ ಹೇಳಿಕೊಳ್ಳಲು 14416 ಅಂತ ಟೆಲಿ-ಮಾನಸ್ ಸಹಾಯವಾಣಿ ಇದೆ. ಮಗಳಿಗೆ ಏಳು ತಿಂಗಳಾದಾಗ, 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ನಮ್ಮ ಅಡುಗೆ ಮನೆಯ ಗೋಡೆಯಲ್ಲಿ ಲೈನ್‌ಮನ್ ನಂಬರಿನ ಕೆಳಗೆ ಅದನ್ನು ಅತ್ತೆ ಬರೆಸಿದ್ದಾರೆ.

ಲೈನ್ ಮನೆಯ ಜೋಲಿ

ನನಗೆ ಮೂರು ತಿಂಗಳ ತವರಿತ್ತು. 2023ರ ಜನವರಿಯಲ್ಲಿ ಕಾಫಿ ಕುಯ್ಯುವಾಗ ಕೂಲಿಯವರು ಇರುವ ನಮ್ಮ ಲೈನ್ ಮನೆಯಲ್ಲಿದ್ದ ಒಬ್ಬಳಿಗೆ ಎರಡು ತಿಂಗಳ ಮಗು. ಅವಳು ಕೆ.ಜಿ. ಲೆಕ್ಕದಲ್ಲಿ ಕುಯ್ಯಲು ಬಂದಿದ್ದಳು. ಗಿಡಗಳ ನಡುವೆ ಸೀರೆಯ ಜೋಲಿ. ಆರು ವರ್ಷದ ದೊಡ್ಡ ಮಗಳು ತೂಗುತ್ತಿದ್ದಳು. ಮೊದಲಾಗಿದ್ದರೆ ನಾನು ಆ ಕಡೆ ನೋಡಿ ಮುಂದೆ ಹೋಗುತ್ತಿದ್ದೆ. ಈಗ ಅವಳ ಕಣ್ಣು ನೋಡಿದೆ. ನನಗೆ ಗೊತ್ತಿರುವ ಕಣ್ಣು ಅದು. 50 ಅಥವಾ ಜಾಸ್ತಿ ಹೆಂಗಸರು ದುಡಿಯುವ ತೋಟದಲ್ಲಿ ಶಿಶುಮನೆ ಇರಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ನಮ್ಮಂಥ ಹತ್ತು ಹದಿನೈದು ಎಕರೆಯವರಿಗೆ ಅದು ತಾಗುವುದೇ ಇಲ್ಲ. ಕೊಡಗಿನಲ್ಲಿ ಬಹುಪಾಲು ಬೆಳೆಗಾರರು ಸಣ್ಣವರು. ಹಾಗಾಗಿ ಜೋಲಿಗಳು ಕಾಯ್ದೆಯ ಹೊರಗೇ ತೂಗುತ್ತಿರುತ್ತವೆ.

ನಾವು ದೊಡ್ಡದೇನೂ ಮಾಡಲಿಲ್ಲ. ಅವಳನ್ನು ಕಣಕ್ಕೆ ಹಾಕಿದೆವು, ಹಣ್ಣು ಹರಡಿ ತಿರುವುವ ಕೆಲಸ. ಕೆ.ಜಿ. ಲೆಕ್ಕ ಬಿಟ್ಟು ದಿನದ ಕೂಲಿ. ಕಣ ಮನೆಯ ಮುಂದೆಯೇ ಇದೆ. ಮಗು ಜಗಲಿಯಲ್ಲಿ ಅತ್ತೆಯ ಹತ್ತಿರ. ಮಧ್ಯಾಹ್ನ ಎರಡು ಗಂಟೆ ಮಲಗು ಅಂದರೆ ಅವಳು ಮೊದಲ ವಾರ ನಂಬಲಿಲ್ಲ. ಕೂಲಿ ಕಡಿಯುತ್ತಾರೆ ಅಂತ ಭಯ. ಎರಡನೇ ವಾರ ಕಾಫಿ ಚೀಲದ ಮೇಲೆ ಮಲಗಿದಳು. ಅದು ಒಂದು ಕುಯ್ಲಿನ ಕಥೆ. ಮಾರ್ಚ್‌ನಲ್ಲಿ ಅವರು ಬೇರೆ ಕಡೆ ಹೋದರು. ಈಗ ಹೇಗಿದ್ದಾಳೋ ಅಂತ ಆಗಾಗ ನೆನಪಾಗುತ್ತದೆ.

ಭಾನುವಾರ

ಮೂರ್ನಾಡಿನ ಆ ಹುಡುಗಿ ಜೂನ್‌ನಲ್ಲಿ ಗಂಡನ ಮನೆಗೆ ಹೋದಳು. ಫೋನ್ ಒಂದೊಂದು ದಿನ ಸಿಗುತ್ತದೆ, ಒಂದೊಂದು ದಿನ ಇಲ್ಲ. ಹೋದ ಭಾನುವಾರ ನಾನೇ ಹೋದೆ. ಏನು ತರಲಿ ಅಂತ ಕೇಳಲಿಲ್ಲ. ಒಂದು ಡಬ್ಬಿ ಕೋಳಿ ಸಾರು, ಅಕ್ಕಿ ರೊಟ್ಟಿ, ಒಣಗಿದ ಹಳೇ ಪಂಚೆ ಹನ್ನೆರಡು ತುಂಡು. ಅವಳು ಬಾಗಿಲಿಗೆ ಬಂದು "ಬನ್ನಿ ಅಕ್ಕ" ಅಂದಳು. ಕಾಫಿ ಮಾಡಲು ಹೊರಟಳು. ನಾನು ಮಗುವನ್ನು ಎತ್ತಿಕೊಂಡು, "ಕಾಫಿ ನಾನು ಮಾಡ್ಕೊಳ್ತೇನೆ, ನೀನು ಹೋಗಿ ಮಲಗು" ಅಂದೆ. ಅವಳು ತನ್ನ ಅತ್ತೆಯ ಮುಖ ನೋಡಿದಳು. ಅವರು "ಹೋಗಮ್ಮ" ಅಂದರು.

ಹನ್ನೊಂದಕ್ಕೆ ಮಲಗಿದವಳು ಎದ್ದಿದ್ದು ಎರಡೂಕಾಲಿಗೆ. ಅಷ್ಟರಲ್ಲಿ ಅವಳ ಅತ್ತೆಯೂ ನಾನೂ ಬುಟ್ಟಿ ಬೋರಲು ಹಾಕಿ ಬಟ್ಟೆ ಹರಡಿದೆವು. ನಮ್ಮ ಬಾವಿಯ ಕಥೆ ಹೇಳಿದೆ. ಅವರು ಬಟ್ಟೆ ತಿರುವುತ್ತಾ ಕೇಳಿಸಿಕೊಂಡರು. ಕೊನೆಗೆ, "ನಮ್ಮ ಕಾಲದಲ್ಲಿ ಇದೆಲ್ಲ ಯಾರು ಕೇಳ್ತಿದ್ರು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ರಾತ್ರಿ ಹತ್ತರಿಂದ ಎರಡರವರೆಗೆ ನಾನು ಇಟ್ಕೊಳ್ಬಹುದು ಮಗೂನ" ಅಂದರು.

ಹುಡುಗಿ ಕೂದಲು ಕೆದರಿಕೊಂಡು ಬಾಗಿಲಿಗೆ ಬಂದು ನಿಂತಳು. "ಮಗು ಅತ್ತಿತಾ ಅಕ್ಕ?"

"ಅತ್ತಿತು. ನಾವಿದ್ದೆವಲ್ಲ."

ಮೂರು ರೊಟ್ಟಿ ತಿಂದಳು. ಸಾರಿಗೆ ಉಪ್ಪು ಕಮ್ಮಿ ಅಂದಳು. ಹೊರಡುವಾಗ ಗೇಟಿನವರೆಗೆ ಬಂದು, ಅಕ್ಕ, ಮತ್ತೆ ಬುಧವಾರ ಬರ್ತೀರಾ ಅಂದಳು. ಬರ್ತೇನೆ ಅಂದೆ.

ನಾಳೆ ಬುಧವಾರ. ನಾಪೋಕ್ಲು ರಸ್ತೆಗೆ ಹೊಳೆ ನೀರು ಬಂದಿದೆಯಂತೆ. ಮಡಿಕೇರಿ ಮೇಲೆ ಸುತ್ತಿ ಮೂರ್ನಾಡಿನ ದಾರಿಯಲ್ಲಿ ಹೋಗಬೇಕು. ಅತ್ತೆ ಆಗಲೇ ಕೋಳಿ ಕೊಯ್ಯಲು ಹೇಳಿದ್ದಾರೆ, ಈ ಸಲ ಉಪ್ಪು ತಾವೇ ನೋಡುತ್ತಾರಂತೆ.